ಕಣ್ಣಿದ್ದವರ ಕನಕಗಿರಿ: ರಾಜಧಾನಿಗಳ ವಾಸ್ತುವನ್ನು ನೋಡುವ ಕ್ರಮದ ವಿಮರ್ಶೆ

‘ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು’ ಎಂಬ ಗಾದೆ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಕೇಳದವರಿಲ್ಲ. ಸಾಮಾನ್ಯವಾಗಿ ಇದನ್ನು ಊರಿನ ಅಭಿಮಾನದ ಮಾತೆಂದು ನಕ್ಕು ಬಿಡುವುದೇ ರೂಢಿ. ಸಾಮಂತನ ಊರು ಸಾಮ್ರಾಟನ ರಾಜಧಾನಿಯೊಡನೆ ಸ್ಪರ್ಧೆಗೆ ನಿಂತದ್ದು ಹಾಸ್ಯಕ್ಕೆ ಎಡೆಗೊಡುವಂಥದ್ದೇ ಸರಿ. ಆದರೆ ಈ ಗಾದೆಯಲ್ಲಿ ಹೋಲಿಕೆ ಇರುವುದು ಎರಡು ಊರುಗಳ ನಡುವೆ ಮಾತ್ರವಲ್ಲ, ನೋಡುವ ಎರಡು ಕ್ರಮಗಳ ನಡುವೆ ಕೂಡ. ಕಾಲಿನಿಂದ ನೋಡುವುದು ಬೇರೆ, ಕಣ್ಣಿನಿಂದ ನೋಡುವುದು ಬೇರೆ. ರಾಜಧಾನಿಗಳನ್ನು ಸಂದರ್ಶಿಸುವ ನಮ್ಮ ವಿದ್ಯಾರ್ಥಿಗಳೂ, ಅವರನ್ನು ಕರೆದೊಯ್ಯುವ ಅಧ್ಯಾಪಕರೂ ಈ ಭೇದವನ್ನು ಮರೆತಿರುವರೆಂಬುದು ನಮ್ಮ ಅಭಿಪ್ರಾಯ. ಪ್ರಸ್ತುತ ಲೇಖನದಲ್ಲಿ ಅದನ್ನೇ ವಿವರಿಸಲು ಯತ್ನಿಸಲಾಗಿದೆ.

ರಾಜಧಾನಿಗಳನ್ನು ವರ್ಣಿಸುವ ಪ್ರವಾಸ ಕೈಪಿಡಿಗಳಲ್ಲೆಲ್ಲ ಒಂದೇ ವಾಕ್ಯ ಬೇರೆ ಬೇರೆ ವೇಷದಲ್ಲಿ ಬರುತ್ತದೆ: ಈ ನಗರವು ಪ್ರಾಚೀನ ಹಾಗೂ ಆಧುನಿಕ ವಾಸ್ತುಗಳ ಸುಂದರ ಸಂಗಮವಾಗಿದೆ. ಬೆಂಗಳೂರಿಗೂ ಇದೇ ಮಾತು, ಹೈದರಾಬಾದಿಗೂ ಇದೇ ಮಾತು. ಹಂಪೆಯ ಕಮಲ ಮಹಲಿಗೆ ಬಂದಾಗ ‘ಪ್ರಾಚೀನ’ ಮತ್ತು ‘ಆಧುನಿಕ’ಗಳ ಬದಲಿಗೆ ‘ಹಿಂದೂ’ ಮತ್ತು ‘ಮುಸ್ಲಿಮ್’ ಎಂಬ ಪದಗಳು ಸೇರುತ್ತವೆ, ಅಷ್ಟೆ. ‘ಸಂಗಮ’ ಎಂಬ ಪದ ಕಿವಿಗೆ ಇಂಪಾಗಿದ್ದರೂ ವಿಮರ್ಶೆಗೆ ಯಾವ ಸಹಾಯವನ್ನೂ ಮಾಡದು. ಎರಡು ವಸ್ತುಗಳು ಕೂಡಿವೆಯೆಂದ ಮೇಲೆ ಅವು ಎಲ್ಲಿ ಕೂಡಿದವು, ಯಾರ ಕೈಯಲ್ಲಿ ಕೂಡಿದವು, ಕೂಡಿದ ಮೇಲೆ ಯಾವುದು ಭಾರವನ್ನು ಹೊರುತ್ತದೆ, ಯಾವುದು ಬರಿಯ ತೊಡುಗೆಯಾಗಿ ನಿಲ್ಲುತ್ತದೆ ಎಂಬ ಪ್ರಶ್ನೆಗಳು ಏಳಲೇಬೇಕು. ಅವು ಏಳದಿದ್ದರೆ ನೋಡಿದ್ದು ಕಾಲು ಮಾತ್ರ.

ಕನಕಗಿರಿಯನ್ನೇ ಮೊದಲು ತೆಗೆದುಕೊಳ್ಳೋಣ. ಗಂಗಾವತಿಯಿಂದ ಸುಮಾರು 20 ಕಿಲೋಮೀಟರು ದೂರದ ಈ ಊರು ಸ್ವತಃ ಒಂದು ರಾಜಧಾನಿ. ವಿಜಯನಗರದ ಅಧೀನದಲ್ಲಿದ್ದ ಗುಜ್ಜಲ ವಂಶದ ನಾಯಕರು ಇಲ್ಲಿಂದ ಆಳಿದರು. ಇನ್ನೂ ಹಿಂದಿನ ಒಂದು ಹಿರಿಮೆಯನ್ನೂ ಊರಿಗೆ ಹೇಳುವುದುಂಟು. ಬ್ರಹ್ಮಗಿರಿಯ ಅಶೋಕ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರ ಆಜ್ಞೆಯಿಂದ ಪ್ರಾರಂಭವಾಗುತ್ತದೆ. ಆ ಸುವರ್ಣಗಿರಿಯೇ ಕನಕಗಿರಿ ಎಂದು ಕೆಲವರು ವಿದ್ವಾಂಸರು ಗುರುತಿಸಿದ್ದಾರೆ. ಹೆಸರಿನ ಅರ್ಥಸಾಮ್ಯ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಹಾಗೂ ಮಸ್ಕಿಯಲ್ಲಿ ದೊರೆತ ಅಶೋಕನ ಶಾಸನಗಳು ಈ ವಾದಕ್ಕೆ ಬೆಂಬಲ. ಆದರೆ ಮಸ್ಕಿಯ ಪರವಾಗಿಯೂ ಆಂಧ್ರದ ಜೊನ್ನಗಿರಿಯ ಪರವಾಗಿಯೂ ವಾದಗಳಿವೆ. ಅರ್ಥಸಾಮ್ಯವೊಂದನ್ನೇ ನೆಚ್ಚಿದರೆ ಜೊನ್ನಗಿರಿಗೂ ಅಷ್ಟೇ ಹಕ್ಕುಂಟು. ಮೌರ್ಯರ ಕಾಲದ ಕಟ್ಟಡವೊಂದೂ ಕನಕಗಿರಿಯಲ್ಲಿ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ವಾಸ್ತುವಿನ ವಿಚಾರದಲ್ಲಿ ಈ ಚರ್ಚೆಯನ್ನು ಬೆಳೆಸುವುದು ಅನಾವಶ್ಯಕ.

ಕಣ್ಣಿಗೆ ಬೀಳುವುದು ಕನಕಾಚಲಪತಿಯ ದೇವಾಲಯ. ವಿಶಾಲವಾದ ಮಂಟಪಗಳು, ಎತ್ತರವಾದ ಗೋಪುರಗಳು, ರಾಜ-ರಾಣಿಯರ ಮೂರ್ತಿಗಳು, ಇವೆಲ್ಲ ವಿಜಯನಗರದ ಪದ್ಧತಿಗೆ ಅನುಗುಣವಾಗಿಯೇ ಇವೆ. ಕಲ್ಲಿನ ಕೆಲಸದಲ್ಲಿ ಹಂಪೆಯ ವಿಠ್ಠಲ ದೇವಾಲಯಕ್ಕೆ ಇದು ಸಾಟಿಯಲ್ಲವೆಂಬುದನ್ನು ಒಪ್ಪಲೇಬೇಕು. ಇಲ್ಲಿಯ ವೈಶಿಷ್ಟ್ಯವಿರುವುದು ಗಾರೆಯಲ್ಲಿ. ಈ ಭಾಗದ ಜನ ಅದನ್ನು ಗಚ್ಚು ಎನ್ನುತ್ತಾರೆ. ಗೋಡೆಯ ಮೇಲೂ ಗೋಪುರದ ಮೇಲೂ ಗಾರೆಯಿಂದಲೂ ಮರದಿಂದಲೂ ಮಾಡಿದ ಮೂರ್ತಿಗಳು ಯಾತ್ರಿಕನನ್ನು ಕತ್ತೆತ್ತಿ ನಿಲ್ಲಿಸುತ್ತವೆ. ವಿಜಯನಗರ ಪದ್ಧತಿಯ ಗೋಪುರದಲ್ಲಿ ತಳದ ಅಂತಸ್ತು ಕಲ್ಲು, ಮೇಲಿನ ಅಂತಸ್ತುಗಳು ಇಟ್ಟಿಗೆ, ಇಟ್ಟಿಗೆಯ ಮೇಲೆ ಗಾರೆ. ಕಲ್ಲು ಮುಗಿದು ಇಟ್ಟಿಗೆ ಪ್ರಾರಂಭವಾಗುವ ಗೆರೆಯನ್ನು ನೆಲದ ಮೇಲೆ ನಿಂತೇ ಗುರುತಿಸಬಹುದು. ಕೆಳಗೆ ಭಾರ, ಮೇಲೆ ಹಗುರ. ಕೆಳಗೆ ಉಳಿಯ ಕೆಲಸ, ಮೇಲೆ ಕರಣೆಯ ಕೆಲಸ. ಒಂದೇ ಕಟ್ಟಡದಲ್ಲಿ ಎರಡು ಕುಶಲವೃತ್ತಿಗಳು ಹೀಗೆ ಹೆಗಲು ಕೊಟ್ಟು ನಿಂತಿವೆ.

ಗಾರೆಗೆ ಇನ್ನೊಂದು ಗುಣವುಂಟು. ಅದು ಶಿಥಿಲವಾಗುತ್ತದೆ, ಆದ್ದರಿಂದ ಪೂಜೆ ನಡೆಯುವ ದೇವಾಲಯಗಳಲ್ಲಿ ಅದನ್ನು ಕಾಲಕಾಲಕ್ಕೆ ಸರಿಪಡಿಸಿ ಬಣ್ಣ ಹಚ್ಚುತ್ತಾರೆ. ಹಂಪೆಯ ವಿರೂಪಾಕ್ಷನ ಮಹಾಗೋಪುರವೇ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಜೀರ್ಣೋದ್ಧಾರಗೊಂಡಿತು. ಹಾಗಾದರೆ ಆ ಗೋಪುರ ಪ್ರಾಚೀನವೋ ಆಧುನಿಕವೋ? ಕಲ್ಲು ಪ್ರಾಚೀನ, ಕ್ರಮ ಪ್ರಾಚೀನ, ನಾವು ಕಾಣುವ ಮೇಲ್ಮೈ ಮಾತ್ರ ಸಮೀಪದ ಕಾಲದ್ದು. ಎರಡೂ ಒಂದೇ ಪರಂಪರೆಯ ಕೈಗಳಿಂದ ಬಂದುದರಿಂದ ಅಲ್ಲಿ ಸಂಗಮವೆಂಬ ಮಾತೇ ಹುಟ್ಟುವುದಿಲ್ಲ. ಫಾಲ್ಗುಣದ ಜಾತ್ರೆಗೆ ಕನಕಗಿರಿಗೆ ನೆರೆಯುವ ಜನರಿಗೆ ಈ ಪ್ರಶ್ನೆ ಎಂದಾದರೂ ಎದುರಾಗಿರಲಾರದು. ಅದನ್ನು ಎತ್ತಿಕೊಂಡು ತಿರುಗುವವರು ನಮ್ಮಂಥ ಅಧ್ಯಾಪಕರೇ.

ಕನಕಗಿರಿಯಲ್ಲಿ ಗಾರೆಯನ್ನು ನೋಡಿ ಪಳಗಿದ ಕಣ್ಣಿನಿಂದ ಹಂಪೆಗೆ ಹೋದರೆ ಅಲ್ಲಿನ ದೃಶ್ಯವೇ ಬದಲಾಗುತ್ತದೆ. ಹಂಪೆ ಕಲ್ಲಿನ ನಗರವೆಂದು ನಾವೆಲ್ಲ ನಂಬಿದ್ದೇವೆ. ವಾಸ್ತವವಾಗಿ ಅದು ಕಲ್ಲು ಮಾತ್ರ ಉಳಿದ ನಗರ. ಅರಮನೆಯ ಆವರಣದಲ್ಲಿ ಇಂದು ಕಾಣುವುದು ಬಹುಮಟ್ಟಿಗೆ ಅಧಿಷ್ಠಾನಗಳು, ಕಂಬ ನಿಲ್ಲಿಸಿದ ಗುರುತುಗಳು, ಮೆಟ್ಟಿಲುಗಳು. ಮೇಲಿದ್ದ ಮರ, ಇಟ್ಟಿಗೆ, ಗಾರೆಗಳು 1565ರ ಯುದ್ಧಾನಂತರದ ನಾಶದಲ್ಲಿಯೂ ಆಮೇಲಿನ ಕಾಲದ ಹೊಡೆತದಲ್ಲಿಯೂ ಹೋದವು. ವಿಠ್ಠಲ ದೇವಾಲಯದ ಕಲ್ಲಿನ ರಥವೇ ಇದಕ್ಕೆ ಒಳ್ಳೆಯ ನಿದರ್ಶನ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಆ ಶಿಖರವಿಲ್ಲ. 2017ರಿಂದ ಚಲಾವಣೆಗೆ ಬಂದ 50 ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವುದೂ ಶಿಖರವಿಲ್ಲದ ರಥವೇ. ಕೋಟ್ಯಂತರ ಜನರ ಜೇಬಿನಲ್ಲಿರುವ ಹಂಪೆಯ ಲಾಂಛನವು ಅರ್ಧ ಕಟ್ಟಡವೆಂಬುದನ್ನು ಹೇಳಿಕೊಡಲು ಕನಕಗಿರಿಯ ಗೋಪುರದಂಥ ಪಾಠ ಬೇರೊಂದಿಲ್ಲ.

ಕಮಲ ಮಹಲಿನ ವಿಚಾರದಲ್ಲಿ ಈ ಪಾಠ ಇನ್ನೂ ಹೆಚ್ಚು ಉಪಯುಕ್ತ. ಮಾರ್ಗದರ್ಶಕರು ಅದರ ಮುಂದೆ ನಿಂತು, ಕಮಾನು ಮುಸ್ಲಿಮರದು, ಶಿಖರ ಹಿಂದೂಗಳದು ಎಂದು ಎರಡು ಬೆರಳು ತೋರಿಸಿ ಮುಂದೆ ಸಾಗುತ್ತಾರೆ. ಪ್ರೇಕ್ಷಕರು ಒಪ್ಪಿ ತಲೆಯಾಡಿಸುತ್ತಾರೆ. ಮಹಲಿನ ತಳದ ಪಟ್ಟಿಕೆಗಳು ದೇವಾಲಯದ ಅಧಿಷ್ಠಾನದವು, ಮೇಲಿನ ಮೆಟ್ಟಿಲು ಮೆಟ್ಟಿಲಾದ ಶಿಖರಗಳು ದೇವಾಲಯದವು, ನಡುವಿನ ದಳದಳವಾದ ಕಮಾನುಗಳು ಬಹಮನಿ ರಾಜ್ಯದ ಕಟ್ಟಡಗಳ ಬಂಧುಗಳು, ಇದೆಲ್ಲ ನಿಜ. ಆದರೆ ಈ ಮೂರನ್ನೂ ಒಂದುಗೂಡಿಸಿರುವುದು ಇಟ್ಟಿಗೆ ಮತ್ತು ಗಾರೆ. ಕಮಾನಿನ ಅಂಚಿನ ಬಳ್ಳಿ, ಹಕ್ಕಿ, ಹೂಗಳನ್ನು ತಿದ್ದಿದ ಕರಣೆಯೂ ಗೋಪುರದ ಮೂರ್ತಿಗಳನ್ನು ತಿದ್ದಿದ ಕರಣೆಯೂ ಒಂದೇ ವೃತ್ತಿಯವು. ಹೊಸ ಆಕಾರ ಬಂದಾಗ ಹಳೆಯ ಕೈ ಅದನ್ನು ತನ್ನದಾಗಿಸಿಕೊಂಡಿತೆಂದು ಊಹಿಸಲು ಇಲ್ಲಿ ಸಾಕಷ್ಟು ಆಧಾರವಿದೆ. ಮತಗಳ ಹೆಸರಿನಲ್ಲಿ ಕಟ್ಟಡವನ್ನು ಸೀಳಿ ಆಮೇಲೆ ‘ಸಮನ್ವಯ’ವೆಂದು ಹೊಲಿಯುವ ಶ್ರಮ ನಮಗೆ ಬೇಕಾಗಿಲ್ಲ. ‘ಕಮಲ ಮಹಲ್’, ‘ರಾಣಿಯ ಸ್ನಾನಗೃಹ’, ‘ಜನಾನಾ’ ಎಂಬ ಹೆಸರುಗಳೂ ನಂತರದವರು ಇಟ್ಟವೇ. ಅವುಗಳಿಂದ ಕಟ್ಟಡದ ಉಪಯೋಗವನ್ನು ನಿರ್ಣಯಿಸುವುದು ಸಲ್ಲದು.

ಮತದ ಹೆಸರಿನಿಂದ ವಾಸ್ತುವನ್ನು ವಿಭಾಗಿಸುವ ಪದ್ಧತಿ ಎಷ್ಟು ಸಡಿಲವಾದುದೆಂಬುದಕ್ಕೆ ಅದೇ ನಗರದ ಇನ್ನೊಂದು ಕಟ್ಟಡ ಸಾಕ್ಷಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು ಕ್ರಿ. ಶ. 1439ರಲ್ಲಿ ಕಟ್ಟಿಸಿದ ಮಸೀದಿಯಲ್ಲಿ ಕಂಬ, ಬೋದಿಗೆ, ತೊಲೆ ಇವುಗಳದ್ದೇ ರಾಜ್ಯ. ಗುಮ್ಮಟವಿಲ್ಲ. ನೋಡಿದೊಡನೆ ದೇವಾಲಯದ ಮಂಟಪವೆಂದು ಭ್ರಮೆಯಾಗುತ್ತದೆ. ಅಲ್ಲಿಯ ಕನ್ನಡ ಶಾಸನವು ಅದನ್ನು ಧರ್ಮಶಾಲೆಯೆಂದು ಕರೆಯುತ್ತದೆ. ಅರಸನ ಮಹಲಿಗೆ ಕಮಾನು, ಮುಸ್ಲಿಮ್ ಅಧಿಕಾರಿಯ ಪ್ರಾರ್ಥನಾಸ್ಥಾನಕ್ಕೆ ಕಂಬ-ತೊಲೆ! ಮಾರ್ಗದರ್ಶಕರ ಎರಡು ಬೆರಳಿನ ನ್ಯಾಯ ಇಲ್ಲಿ ನಿಲ್ಲುವುದಿಲ್ಲ. ಪ್ರವಾಸಿಗಳ ಬಸ್ಸುಗಳು ಈ ಮಸೀದಿಯ ಬಳಿ ಅಪರೂಪವಾಗಿ ನಿಲ್ಲುವುದೂ ಆಶ್ಚರ್ಯವಲ್ಲ. ಹೇಳಿಕೊಟ್ಟ ಪಾಠಕ್ಕೆ ಒಗ್ಗದ ಕಟ್ಟಡವನ್ನು ಯಾರು ತೋರಿಸಿಯಾರು? ನದಿಯ ಉತ್ತರದ ಆನೆಗೊಂದಿಯಲ್ಲಿ, ಊರ ನಡುವಣ ಗಗನ ಮಹಲು ಮತ್ತು ಅದಕ್ಕಿಂತ ಬಹಳ ಹಿಂದಿನ ಕಂಬಗಳುಳ್ಳ ಹುಚ್ಚಪ್ಪಯ್ಯನ ಮಠ ಒಂದೇ ನಡಿಗೆಯಲ್ಲಿ ದೊರೆಯುತ್ತವೆ. ಈ ಎರಡನ್ನು ನೋಡಿ ಅನಂತರ ನದಿ ದಾಟುವುದು ಉತ್ತಮ ಕ್ರಮ.

ಕನಕಗಿರಿಯ ಜನರಿಗೆ ವಿಜಯನಗರದ ತರುವಾಯ ಬಂದ ರಾಜಧಾನಿಗಳು ಹಲವು. ಅವುಗಳಲ್ಲಿ ಹೈದರಾಬಾದನ್ನು ಇಲ್ಲಿ ಸ್ಮರಿಸಲೇಬೇಕು. 1956ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಉನ್ನತ ವ್ಯಾಸಂಗಕ್ಕೆ ಅಲ್ಲಿಗೆ ಹೋದ ನಮ್ಮ ಹಿರಿಯರು ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜನ್ನು ಕಂಡಿದ್ದರು. 1939ರಲ್ಲಿ ಉದ್ಘಾಟನೆಗೊಂಡ ಆ ಕಟ್ಟಡದಲ್ಲಿ ಎಲ್ಲೋರ ಅಜಂತಗಳನ್ನು ನೆನಪಿಗೆ ತರುವ ಕಂಬಗಳೂ ಇಸ್ಲಾಮೀ ಕಮಾನುಗಳೂ ಬುದ್ಧಿಪೂರ್ವಕವಾಗಿ ಜೊತೆಗೂಡಿವೆ. ಅದರ ವಿನ್ಯಾಸ ಬೆಲ್ಜಿಯಮ್ಮಿನ ಅರ್ನೆಸ್ಟ್ ಜಾಸ್ಪರನದು. ಕೌಶಲ ಉತ್ತಮವಾದುದೇ. ಆದರೆ ಇಲ್ಲಿ ಒಂದು ಹೊಸ ಸಂಗತಿ ತಲೆದೋರುತ್ತದೆ. ಕಮಲ ಮಹಲಿನಲ್ಲಿ ಶೈಲಿಗಳು ಕೆಲಸಗಾರನ ಕೈಯಲ್ಲಿ ಕೂಡಿದ್ದವು. ಇಲ್ಲಿ ಅವು ನಕ್ಷೆಯ ಕಾಗದದ ಮೇಲೆ, ದೇಶ ಸುತ್ತಿ ಮಾದರಿಗಳನ್ನು ಆರಿಸಿದ ವಿನ್ಯಾಸಕಾರನ ಮನಸ್ಸಿನಲ್ಲಿ ಕೂಡಿದವು. ಇದನ್ನು ದೋಷವೆಂದು ಹೇಳುತ್ತಿಲ್ಲ. ಇದು ಆಧುನಿಕ ಕಾಲದ ಲಕ್ಷಣ, ಮತ್ತು ಮುಂದೆ ಬೆಂಗಳೂರಿನಲ್ಲಿ ನಡೆದುದಕ್ಕೆ ಪೂರ್ವಪೀಠಿಕೆ.

ಬೆಂಗಳೂರಿನ ವಿಧಾನಸೌಧಕ್ಕೆ ಜವಾಹರಲಾಲ್ ನೆಹರೂ ಅವರು 1951ರ ಜುಲೈ 13ರಂದು ಅಡಿಗಲ್ಲು ಹಾಕಿದರು. 1952ರಲ್ಲಿ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ಮೊದಲಿನ ಸರಳವಾದ ನಕ್ಷೆಯನ್ನು ಬದಲಾಯಿಸಿ, ದಕ್ಷಿಣದ ದೇವಾಲಯ ಹಾಗೂ ಅರಮನೆಗಳ ಅಂಗಗಳಿಂದ ಕೂಡಿದ ಭವ್ಯ ಸೌಧವನ್ನು ಇಂಜಿನಿಯರು ಬಿ. ಆರ್. ಮಾಣಿಕ್ಯಂ ಅವರ ಮೂಲಕ ಕಟ್ಟಿಸಿದರು. 1956ರಲ್ಲಿ ಅದು ಪೂರ್ಣವಾಯಿತು. ಸುಮಾರು 700 ಅಡಿ ಉದ್ದ, 350 ಅಡಿ ಅಗಲದ ಆ ಕಟ್ಟಡದ ಕಲ್ಲುಕೆಲಸದಲ್ಲಿ ನುರಿತ ಶಿಲ್ಪಿಗಳ ಜೊತೆಗೆ ಸೆರೆಮನೆಯ ಬಂದಿಗಳೂ ದುಡಿದರು. ರಸ್ತೆಯ ಆಚೆ, 1868ರಲ್ಲಿ ಮುಗಿದ, ಗ್ರೀಕ್ ಮಾದರಿಯ ಕಂಬಗಳುಳ್ಳ ಕೆಂಪು ಅಠಾರಾ ಕಚೇರಿ ಇದೆ. ಇಂದು ಅದು ಉಚ್ಚ ನ್ಯಾಯಾಲಯ. ಪರಕೀಯರ ಕಚೇರಿಗೆ ಎದುರಾಗಿ ಸ್ವತಂತ್ರ ಪ್ರಜೆಗಳ ಸೌಧ ನಿಲ್ಲಬೇಕೆಂಬ ಆಕಾಂಕ್ಷೆ ಅದರ ಎತ್ತರದಲ್ಲಿಯೇ ವ್ಯಕ್ತವಾಗಿದೆ.

ಈ ಕಟ್ಟಡದ ಬಗ್ಗೆ ಎರಡು ಬಗೆಯ ಅತಿರೇಕದ ಮಾತುಗಳಿವೆ. ಒಂದು, ಇದು ಕರ್ನಾಟಕ ವಾಸ್ತುವಿನ ಪುನರುಜ್ಜೀವನ. ಇನ್ನೊಂದು, ಇದು ಕಚೇರಿಗೆ ದೇವಾಲಯದ ಮುಖವಾಡ. ಎರಡನ್ನೂ ನಾವು ಒಪ್ಪುವುದಿಲ್ಲ. ಉದ್ದನೆಯ ಮೊಗಸಾಲೆಗಳು, ಸಾಲುಸಾಲಾದ ಕೊಠಡಿಗಳು, ಬೆಳಕಿಗಾಗಿ ಬಿಟ್ಟ ಒಳ ಅಂಗಳಗಳು, ಇವೆಲ್ಲ 20ನೆಯ ಶತಮಾನದ ಕಚೇರಿಯ ವಿನ್ಯಾಸವೇ. ಅದರ ಮೇಲೆ ಕಪೋತ, ಬೋದಿಗೆ, ಕಿರುಶಿಖರಗಳು ತೊಡುಗೆಯಾಗಿ ಬಂದಿವೆ. ಇಷ್ಟರ ಮಟ್ಟಿಗೆ ‘ಮುಖವಾಡ’ವೆಂದವರ ಮಾತಿನಲ್ಲಿ ಹುರುಳಿದೆ. ಆದರೆ ಪೂರ್ವದ ಮೆಟ್ಟಿಲು ಮತ್ತು ಅದರ ತುದಿಯ ಕಂಬಸಾಲಿನ ಬಗ್ಗೆ ಆ ಮಾತನ್ನು ಆಡಲಾಗದು. 200 ಅಡಿಗೂ ಮಿಕ್ಕಿ ಅಗಲವಾದ ಆ ಸೋಪಾನ ಮಹಾನವಮಿ ದಿಬ್ಬದ ಹಾಗೆ ಜನರನ್ನು ಮುಂದೆ ನೆರೆಯಿಸುತ್ತದೆ. ದಿಬ್ಬದ ಮೇಲೆ ಅರಸ ಕೂಡುತ್ತಿದ್ದ. ಇಲ್ಲಿ ಹತ್ತಿ ಹೋಗಬೇಕಾದವರು ಪ್ರಜೆಗಳು. ಹಳೆಯ ಅಂಗಕ್ಕೆ ಹೊಸ ಅರ್ಥ ಬಂದಿರುವುದು ಇಲ್ಲಿಯೇ. ಸೌಧದ ಅತ್ಯಂತ ಸಾರ್ಥಕವಾದ ಭಾಗ ಇದೆಂದು ನಮ್ಮ ಮತ.

ದುರ್ದೈವದಿಂದ ಆ ಮೆಟ್ಟಿಲೇ ಜನರಿಗೆ ದೂರವಾಯಿತು. ಸುತ್ತಲೂ ಕಬ್ಬಿಣದ ಬೇಲಿ ಬಂದ ಮೇಲೆ ಪರಊರುಗಳಿಂದ ಬಂದ ವಿದ್ಯಾರ್ಥಿಗಳು ರಸ್ತೆಯ ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗುವುದೇ ರಾಜಧಾನಿಯ ದರ್ಶನವೆನಿಸಿತು. ಹತ್ತುವುದಕ್ಕೆಂದು ಕಟ್ಟಿದ್ದು ನೋಡುವುದಕ್ಕೆ ಮಾತ್ರವಾದಾಗ, ಕೆಲಸ ಮಾಡುತ್ತಿದ್ದ ಅಂಗವೂ ತೊಡುಗೆಯಾಗಿ ಬಿಡುತ್ತದೆ. 2025ರ ಜೂನ್ ತಿಂಗಳಿಂದ ರಜಾದಿನಗಳಲ್ಲಿ ಮಾರ್ಗದರ್ಶಕರೊಡನೆ ಸೌಧವನ್ನು ತೋರಿಸುವ ಏರ್ಪಾಡನ್ನು ಸರ್ಕಾರ ಪ್ರಾರಂಭಿಸಿದ್ದು ಸ್ವಾಗತಾರ್ಹ. ಒಳಗೆ ಹೋದವರಿಗೆ ಏನನ್ನು ತೋರಿಸಲಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಗುಮ್ಮಟದ ವ್ಯಾಸ 60 ಅಡಿ ಎಂಬುದನ್ನು ಕಂಠಪಾಠ ಮಾಡಿಸಿದರೆ ಕಾಲಿನ ಪ್ರವಾಸವೇ ಮುಂದುವರಿದಂತಾಯಿತು.

ನಮ್ಮ ಸೀಮೆಯವರು ಈ ಸೌಧದ ಮುಂದೆ ನಿಂತಾಗ ಇನ್ನೊಂದು ವಿಚಾರವನ್ನೂ ಮರೆಯಬಾರದು. ಅದು ಕಟ್ಟಲ್ಪಟ್ಟದ್ದು ಹಳೆಯ ಮೈಸೂರು ರಾಜ್ಯಕ್ಕಾಗಿ. ಕಟ್ಟಡ ನಡೆಯುತ್ತಿದ್ದಾಗ ಕನಕಗಿರಿ, ಕೊಪ್ಪಳಗಳು ಆ ರಾಜ್ಯದಲ್ಲಿರಲಿಲ್ಲ. 1956ರ ನವೆಂಬರ್ 1ರಂದು ಅವು ಬಂದು ಸೇರುವ ಹೊತ್ತಿಗೆ ರಾಜಧಾನಿಯ ಮುಖ ಸಿದ್ಧವಾಗಿತ್ತು. ಆದರೆ ಆ ಮುಖದ ಮೇಲಿನ ಅಲಂಕಾರಗಳ ವಂಶಾವಳಿಯನ್ನು ಹುಡುಕಿದರೆ ಹಾದಿ ತುಂಗಭದ್ರೆಯ ದಡಗಳಿಗೇ ಬರುತ್ತದೆ: ಹಂಪೆಗೆ, ಆನೆಗೊಂದಿಗೆ, ಶಾಸನದಲ್ಲಿ ‘ದೇವಾಲಯ ಚಕ್ರವರ್ತಿ’ ಎನಿಸಿಕೊಂಡ, 1112ರ ಇಟಗಿಯ ಮಹಾದೇವ ದೇವಾಲಯದಂಥ ಚಾಲುಕ್ಯರ ಕೃತಿಗಳಿಗೆ. ತಾತನ ಒಡವೆಯನ್ನು ದೂರದ ಮನೆಯಲ್ಲಿ ಕಂಡ ಮೊಮ್ಮಗನ ಸ್ಥಿತಿ ನಮ್ಮ ವಿದ್ಯಾರ್ಥಿಯದು. ಒಡವೆ ತನ್ನದೆಂಬ ಅರಿವೂ ಅವನಿಗಿರುವುದಿಲ್ಲ. ಬೆಂಗಳೂರಿನದೇ ಮೂಲ, ತನ್ನ ಊರಿನದು ಹಾಳು ಎಂದುಕೊಂಡು ಅವನು ಮರಳಿ ಬರುತ್ತಾನೆ. ಪ್ರವಾಸದಿಂದ ಆಗುವ ಹಾನಿಗಳಲ್ಲಿ ಇದನ್ನು ನಾವು ಅತಿ ದೊಡ್ಡದೆಂದು ಗಣಿಸುತ್ತೇವೆ.

ಮೂಲದ ಅರಿವು ಅಳಿದರೆ ವಾಸ್ತುವಿಗೂ ಹಾನಿಯೇ. 2005ರಲ್ಲಿ ವಿಧಾನಸೌಧದ ಪಕ್ಕದಲ್ಲಿ ವಿಕಾಸಸೌಧ ಉದ್ಘಾಟನೆಯಾಯಿತು. 2012ರ ಅಕ್ಟೋಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ. ವಿಧಾನಸೌಧದ ವಿನ್ಯಾಸಕರು ದೇವಾಲಯಗಳನ್ನು ನೋಡಿ ಆರಿಸಿದರು. ಅನಂತರದವರು ವಿಧಾನಸೌಧವನ್ನು ನೋಡಿ ಅನುಕರಿಸಿದರು. ಮೊದಲನೆಯದು ಆಯ್ಕೆ, ಎರಡನೆಯದು ರೂಢಿ. ತಾಲ್ಲೂಕು ಕೇಂದ್ರಗಳಲ್ಲಿಯೂ ‘ಮಿನಿ ವಿಧಾನಸೌಧ’ಗಳು ಎದ್ದವು. ಇತ್ತೀಚೆಗೆ ಅವುಗಳಿಗೆ ‘ತಾಲ್ಲೂಕು ಆಡಳಿತ ಸೌಧ’ವೆಂದು ಹೆಸರು ಬದಲಾದರೂ ಎಷ್ಟೋ ಕಡೆ ಸಿಮೆಂಟಿನ ಕಿರುಗುಮ್ಮಟ ಹಾಗೆಯೇ ಕುಳಿತಿದೆ. ಹೀಗೆ ತುಂಗಭದ್ರೆಯ ದಡದಿಂದ ಹೊರಟ ಆಕಾರವು ಬೆಂಗಳೂರನ್ನು ಸುತ್ತಿ, ಮೂರನೆಯ ಪ್ರತಿಯಾಗಿ, ಕಲ್ಲನ್ನೂ ಗಾರೆಯನ್ನೂ ಕಳೆದುಕೊಂಡು ತುಂಗಭದ್ರೆಯ ದಡಕ್ಕೇ ಮರಳಿದೆ. ಸುಣ್ಣದ ಗಾರೆಯನ್ನು ಅರೆದು ಕಲಸುವ, ಕರಣೆಯಲ್ಲಿ ಮೂರ್ತಿಯನ್ನು ಎಬ್ಬಿಸುವ ವಿದ್ಯೆಯನ್ನು ಇಂಥ ಕಟ್ಟಡಗಳು ಯಾರಿಗೂ ಕಲಿಸುವುದಿಲ್ಲ, ಯಾರಿಂದಲೂ ಕೇಳುವುದೂ ಇಲ್ಲ. ಹಳೆಯ ಗೋಪುರದ ಗಾರೆ ಬಿದ್ದಾಗ ಸಿಮೆಂಟು ಮೆತ್ತುವುದಕ್ಕೆ ಜನ ಸಿಗುತ್ತಾರೆ, ಸುಣ್ಣ ಹಾಕುವವರು ಸಿಗುವುದಿಲ್ಲ.

ಆದ್ದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ಪ್ರವಾಸದ ಕ್ರಮವನ್ನು ತಿರುಗಿಸಬೇಕೆಂದು ಸೂಚಿಸುತ್ತೇವೆ. ಪ್ರಥಮದಲ್ಲಿ ಕನಕಗಿರಿ, ಗೋಪುರದ ಕೆಳಗೆ ನಿಂತು ಕಲ್ಲು-ಇಟ್ಟಿಗೆಗಳ ಸಂಧಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಿಂದ ರೇಖಿಸಬೇಕು. ಊರ ಹೊರಗಿರುವ, ವೆಂಕಟಪ್ಪ ನಾಯಕನು ಕಟ್ಟಿಸಿದ ರಾಜಸ್ನಾನದ ಬಾವಿಯನ್ನೂ ಬಿಡಬಾರದು. ಹಂಪೆಯ ರಾಣಿಯ ಸ್ನಾನಗೃಹದೊಡನೆ ಅದನ್ನು ಹೋಲಿಸಿ ಬರೆಯಿಸಿದರೆ ಒಳ್ಳೆಯ ಪ್ರಬಂಧವಾದೀತು. ಅನಂತರ ಆನೆಗೊಂದಿ, ಹಂಪೆಯಲ್ಲಿ ಕಮಲ ಮಹಲಿನೊಡನೆ ಅಹಮದ್ ಖಾನನ ಮಸೀದಿ. ಬೆಂಗಳೂರು ಕೊನೆಗೆ. ಅಲ್ಲಿ ವಿಧಾನಸೌಧದ ಮುಂದೆ, ಕನಕಗಿರಿಯಲ್ಲಿ ಬರೆದ ರೇಖಾಚಿತ್ರವನ್ನು ಕೈಯಲ್ಲಿ ಹಿಡಿದು, ಇಲ್ಲಿಯ ಯಾವ ಅಂಗ ಭಾರ ಹೊತ್ತಿದೆ, ಯಾವುದು ಹೊತ್ತಿಲ್ಲ ಎಂಬುದನ್ನು ವಿದ್ಯಾರ್ಥಿಯೇ ಗುರುತು ಹಾಕಲಿ. ಅಧ್ಯಾಪಕರು ಆ ಹೊತ್ತಿನಲ್ಲಿ ಸುಮ್ಮನಿದ್ದರೆ ಸಾಕು.